ಕಂಡಕ್ಟರ್ ಹತ್ತಿದ ಮೆಟ್ಟಿಲು

ಬೆಳಗಾದರೆ ತುಮಕೂರಿನ ಅಮಾನಿಕೆರೆ ಕಡೆ ಬಿರುಸಾಗಿ ಹೆಜ್ಜೆ ಹಾಕುವವರಲ್ಲಿ ಹೆಚ್ಚಿನವರನ್ನು ಅಲ್ಲಿಗೆ ಅಟ್ಟಿದ್ದು ಡಾಕ್ಟರ ಮಾತು. ಶುಗರ್, ಬಿ.ಪಿ., ಇಲ್ಲವೇ ಎರಡೂ. ನಡಿಗೆಯೇ ಮದ್ದೆಂದು ಡಾಕ್ಟರಿಗೆ ತೋರಿಸಿಕೊಟ್ಟವರಲ್ಲಿ ಮೊದಲ ಸಾಲಿನವರು ಬಸ್ ಕಂಡಕ್ಟರುಗಳು.

1940ರ ದಶಕದ ಕೊನೆ. ಬ್ರಿಟನ್ನಿನಲ್ಲಿ ಹೃದಯಾಘಾತ ಹೆಚ್ಚುತ್ತಿತ್ತು, ಕಾರಣ ಗೊತ್ತಿರಲಿಲ್ಲ. ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ ಸಿಬ್ಬಂದಿಯ ಕಾಯಿಲೆಯ ಲೆಕ್ಕ ತೆಗೆದರು. ಡ್ರೈವರ್, ಕಂಡಕ್ಟರ್ ಇಬ್ಬರದೂ ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಬಗೆಯ ಬದುಕು. ಡ್ರೈವರ್ ಪಾಳಿಯುದ್ದಕ್ಕೂ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ, ಬಂದರೂ ತಡವಾಗಿ, ಅಷ್ಟು ಮಾರಕವಾಗದೆ.

ದಪ್ಪಗಿದ್ದವರೇ ಡ್ರೈವರ್ ಕೆಲಸ ಹಿಡಿದಿರಬಹುದಲ್ಲ? ಅನುಮಾನ ಸರಿಯಾದದ್ದೇ. ಮಾರಿಸ್ ಬಸ್ ಕಂಪನಿ ಹೊಲಿಸಿದ್ದ ಸಮವಸ್ತ್ರಗಳ ಸೊಂಟದಳತೆಯನ್ನೇ ತರಿಸಿದರು. ಡ್ರೈವರುಗಳ ಪ್ಯಾಂಟು ದೊಡ್ಡದೇ ಇತ್ತು. ಆದರೆ ಸಣಕಲನಿರಲಿ, ಡೊಳ್ಳುಹೊಟ್ಟೆಯವನಿರಲಿ, ಕಂಡಕ್ಟರನ ಎದೆಯೇ ಗಟ್ಟಿ. ದರ್ಜಿಯ ಲೆಕ್ಕದ ಪುಸ್ತಕದಿಂದ ವೈದ್ಯಶಾಸ್ತ್ರಕ್ಕೆ ಇಷ್ಟು ಲಾಭವಾದದ್ದು ಅಪರೂಪ. ಮಾರಿಸ್ ತಾವೂ ವ್ಯಾಯಾಮ ಬಿಡದೆ 99 ವರ್ಷ ಬಾಳಿದರು.

1968ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ ‘ಏರೋಬಿಕ್ಸ್’ ಪುಸ್ತಕ ಬರೆದ ಮೇಲೆ ಇಂಥ ವ್ಯಾಯಾಮಕ್ಕೆ ಆ ಹೆಸರೇ ಮನೆಮಾತಾಯಿತು. ಆಗ ಏನಾಗುತ್ತದೆ ಮೈಯೊಳಗೆ? ಟಿಪ್ಪು ಕಾಲದಿಂದ ಹೆಸರಾದ ಕುಣಿಗಲ್ ಕುದುರೆ ಫಾರಂನ ಕುದುರೆ ನೆನೆಯಿರಿ. ನಿಂತಿದ್ದಾಗ ನಿಮಿಷಕ್ಕೆ 30–40 ಸಲ ಬಡಿಯುವ ಅದರ ಹೃದಯ ಓಟದಲ್ಲಿ 200 ದಾಟುತ್ತದೆ. ನಮ್ಮ ಹೃದಯಕ್ಕೆ ಆ ಹರವಿಲ್ಲ. ಆದರೂ ನಿತ್ಯ ಬೆವರಿದರೆ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ, ಕೂತಾಗ ನಿಧಾನವಾಗುತ್ತದೆ. ರಕ್ತನಾಳ ಸಡಿಲಗೊಂಡು ಬಿ.ಪಿ. ಇಳಿಯುತ್ತದೆ. ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಶುಗರ್ ಇದ್ದವರಿಗೆ ಇದೇ ದೊಡ್ಡ ಲಾಭ.

ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ವ್ಯಾಯಾಮ. ಗುಬ್ಬಿ ಬಸ್ಸಿಗೆಂದು ಸ್ಕೂಟರಿನಲ್ಲಿ ಹೋಗುವವರು ಸ್ಟ್ಯಾಂಡಿನವರೆಗೆ ನಡೆದರೂ ಲೆಕ್ಕಕ್ಕೆ ಬರುತ್ತದೆ, ನಡಿಗೆ ಬಿರುಸಾಗಿರಬೇಕು ಅಷ್ಟೆ. ಎಷ್ಟು ಬಿರುಸು? ಮಾತಾಡಲು ಬರಬೇಕು, ಹಾಡಲು ಬರಬಾರದು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ನಟರಿಗೆ ಮಾತ್ರ ಈ ಪರೀಕ್ಷೆ ನಡೆಯುತ್ತಿರಲಿಲ್ಲವೇನೋ. ರಂಗದ ತುಂಬ ಓಡಾಡಿಯೂ ಕಂದಪದ್ಯ ಎತ್ತುವುದೇ ಅವರ ಕಸುಬಾಗಿತ್ತು.