ಹೊಲದ ಮೋಟುಗಳನ್ನು ವಿಷವಿಲ್ಲದೆ ತೆಗೆಯುವ ಬಗೆ



ಮರ ಕಡಿದು ಸೌದೆ ಮನೆಗೆ ಸಾಗಿಸಿದರೆ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ನೆಲದಲ್ಲಿ ಉಳಿದ ಮೋಟು ಸುಮ್ಮನಿರುವುದಿಲ್ಲ. ಅದಕ್ಕೆ ತಗುಲಿ ನೇಗಿಲ ಗುಳ ಮುರಿಯುತ್ತದೆ. ಎತ್ತಿನ ಹೆಗಲಿಗೆ ಪೆಟ್ಟಾಗುತ್ತದೆ. ಟ್ರಾಕ್ಟರಿನ ಕಲ್ಟಿವೇಟರ್ ಹಲ್ಲು ಬಾಗುತ್ತದೆ. ಬಳ್ಳಾರಿ ಜಾಲಿಯ ಮೋಟಾದರೆ ಒಂದೆರಡು ಮಳೆ ಬಿದ್ದೊಡನೆ ಹತ್ತಾರು ಚಿಗುರು ಒಡೆದು, ಒಂದು ಮರವಿದ್ದ ಕಡೆ ಮುಳ್ಳಿನ ಪೊದೆಯೇ ಏಳುತ್ತದೆ. ಗೇಣು ದಪ್ಪಕ್ಕೆ ಮೀರದ ಇಂಥ ಸಣ್ಣ ಮೋಟುಗಳನ್ನು ಮನೆಯಲ್ಲಿರುವ ಹತಾರಗಳಿಂದಲೇ ತೆಗೆಯಬಹುದು. ಅದರ ಕ್ರಮವನ್ನು ಇಲ್ಲಿ ತಿಳಿಸಿದೆ.

ವಿಷ ಏಕೆ ಬೇಡ?

ಅಂಗಡಿಯಿಂದ ಕಳೆನಾಶಕ ತಂದು ಮೋಟಿನ ಮೇಲೆ ಸುರಿಯುವುದು ಸುಲಭವೆಂದು ಕೆಲವರು ಹೇಳುತ್ತಾರೆ. ಒಂದು ಮಾತನ್ನು ಯೋಚಿಸಿ ನೋಡಿ: ವಿಷವು ಮೋಟನ್ನು ಕೊಲ್ಲಬಹುದು, ಆದರೆ ಕೀಳಲಾರದು. ಸತ್ತ ಮೋಟೂ ನೆಲದಲ್ಲಿಯೇ ಇರುತ್ತದೆ. ಗುಳ ಮುರಿಯುವುದು ತಪ್ಪುವುದಿಲ್ಲ. ಹಣ ಕೊಟ್ಟ ಮೇಲೂ ಗುದ್ದಲಿ ಹಿಡಿಯಲೇಬೇಕು.

ಅಪಾಯವಂತೂ ಮನೆಯೊಳಗೇ ಬರುತ್ತದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕವು ಸ್ವಲ್ಪ ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಎರವಾಗುತ್ತದೆ; ಅದಕ್ಕೆ ಪ್ರತಿವಿಷವಿಲ್ಲ. ಮಕ್ಕಳಿರುವ ಮನೆಯ ಗೂಡಿನಲ್ಲಿ ಇಡುವ ವಸ್ತು ಅದಲ್ಲ.

ಉಪ್ಪು ಸುರಿಯುವುದೂ ತಪ್ಪು. ಮಳೆ ಕಡಮೆಯಿರುವ ಬಯಲುಸೀಮೆಯಲ್ಲಿ ಉಪ್ಪು ಬೇಗ ತೊಳೆದುಹೋಗದೆ ಆ ಜಾಗವನ್ನು ಚೌಳು ಮಾಡುತ್ತದೆ. ಮೈಲುತುತ್ತದ ತಾಮ್ರವು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಅದು ಹಳ್ಳಕೊಳ್ಳ ಸೇರಿದರೆ ಮೀನು ಸಾಯುತ್ತದೆ. ಸೀಮೆಎಣ್ಣೆ, ಹಳೆಯ ಇಂಜಿನ್ ಎಣ್ಣೆಗಳೂ ಮಣ್ಣನ್ನು ಕೆಡಿಸುತ್ತವೆ.

ಮೋಟು ಏಕೆ ಚಿಗುರುತ್ತದೆ?

ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಆಹಾರದ ಒಂದು ಭಾಗವನ್ನು ಮರವು ಬುಡದಲ್ಲಿಯೂ ಬೇರಿನಲ್ಲಿಯೂ ಕೂಡಿಡುತ್ತದೆ. ಮರ ಕಡಿದಾಗ ಈ ಗಂಟನ್ನು ಖರ್ಚು ಮಾಡಿ ಹೊಸ ಚಿಗುರು ಹೊರಡಿಸುತ್ತದೆ. ಚಿಗುರಿನ ಎಲೆ ಬಲಿತರೆ ಗಂಟು ಮತ್ತೆ ತುಂಬುತ್ತದೆ. ಎಲೆ ಬಲಿಯುವ ಮೊದಲೇ ಚಿಗುರನ್ನು ತೆಗೆಯುತ್ತ ಹೋದರೆ ಗಂಟು ಕರಗಿ ಬೇರು ಸಾಯುತ್ತದೆ.

ಬಳ್ಳಾರಿ ಜಾಲಿಯಲ್ಲಿ ಚಿಗುರುವ ಕಣ್ಣುಗಳಿರುವುದು ಬುಡವೂ ಬೇರೂ ಕೂಡುವ ಕಡೆ, ನೆಲಮಟ್ಟದ ಸ್ವಲ್ಪ ಕೆಳಗೆ. ಆದುದರಿಂದಲೇ ನೆಲದ ಮಟ್ಟಕ್ಕೆ ಎಷ್ಟು ಸಲ ಕೊಡಲಿ ಹಾಕಿದರೂ ಅದು ಮತ್ತೆ ಬರುತ್ತದೆ. ನೆಲದಿಂದ 1 ಅಡಿ ಕೆಳಗೆ ತಾಯಿಬೇರನ್ನು ಕತ್ತರಿಸಿ ಮೇಲಿನ ಭಾಗವನ್ನೆಲ್ಲ ತೆಗೆದರೆ ಕಣ್ಣುಗಳೂ ಅದರೊಡನೆ ಹೋಗುತ್ತವೆ. ಬೇವು, ಹೊಂಗೆಗಳಲ್ಲಿ ಗಾಯಗೊಂಡ ಪಕ್ಕದ ಬೇರಿನಿಂದಲೂ ಸಸಿ ಏಳಬಹುದು. ಅವುಗಳ ಮೇಲೆ ಒಂದು ವರ್ಷ ಕಣ್ಣಿಟ್ಟಿರಬೇಕು.

ಮರ ಕಡಿಯುವ ಮೊದಲೇ ಯೋಚಿಸಿ

ಮೋಟು ತೆಗೆಯುವ ಕೆಲಸ ಮರ ಕಡಿಯುವ ದಿನವೇ ಆರಂಭವಾಗಬೇಕು. ಬುಡಕ್ಕೇ ಕಡಿಯದೆ ಎದೆಯೆತ್ತರ, ಎಂದರೆ ಸುಮಾರು 4 ಅಡಿ ಕಾಂಡವನ್ನು ಬಿಡಿ. ಈ ಕಾಂಡವೇ ನಿಮಗೆ ಸನ್ನೆಕೋಲು. ಬೇರು ಕಡಿದ ಮೇಲೆ ಅದನ್ನು ಹಿಡಿದು ಅತ್ತಿತ್ತ ಅಲುಗಿಸಿದರೆ ಬುಡ ಸಡಿಲವಾಗುತ್ತದೆ. ನೆಲಕ್ಕೆ ಸಮನಾಗಿ ಕಡಿದ ಮೋಟಿಗೆ ಹಿಡಿಯುವುದಕ್ಕೇ ಆಸರೆ ಇರುವುದಿಲ್ಲ, ಶ್ರಮ ಇಮ್ಮಡಿಯಾಗುತ್ತದೆ.

ಹಲವು ಜಾತಿಯ ಮರಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಮೊದಲು ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಅಗೆದು ತೆಗೆಯುವ ಕ್ರಮ

1. ಮುಂಗಾರಿನ ಒಂದೆರಡು ಹದಮಳೆ ಬಿದ್ದ ಮೇಲೆ ಕೆಲಸ ಹಿಡಿಯಿರಿ. ಮಳೆಯಿಲ್ಲದಿದ್ದರೆ ಬುಡದ ಸುತ್ತ ಪಾತಿ ಮಾಡಿ, ಹಿಂದಿನ ದಿನ ನಾಲ್ಕಾರು ಕೊಡ ನೀರು ಹಾಕಿ. ಒಣಗಿದ ಎರೆಭೂಮಿಯಲ್ಲಿ ಹಾರೆ ಇಳಿಯದು.

2. ಬುಡದಿಂದ ಒಂದು ಮೊಳ ದೂರದಲ್ಲಿ ಸುತ್ತಲೂ ಕಾಲುವೆಯಂತೆ ಅಗೆಯಿರಿ. ಬೇರಿನ ಮಣ್ಣನ್ನು ಚೆನ್ನಾಗಿ ಬಿಡಿಸಿ. ಮಣ್ಣು ಮೆತ್ತಿದ ಬೇರಿಗೆ ಕೊಡಲಿ ಹಾಕಿದರೆ ಬಾಯಿ ಹೋಗುತ್ತದೆ.

3. ಪಕ್ಕದ ಬೇರುಗಳನ್ನು ಎರಡು ಕಡೆ ಕಡಿದು ನಡುವಿನ ತುಂಡನ್ನು ತೆಗೆದುಬಿಡಿ. ಆಗ ಕೈಯಾಡಿಸಲು ಜಾಗವಾಗುತ್ತದೆ.

4. ಕಾಂಡವನ್ನು ಒಂದು ಪಕ್ಕಕ್ಕೆ ಬಾಗಿಸಿ ತಾಯಿಬೇರನ್ನು ಹೊರಗೆ ಕಾಣಿಸಿ, 1 ಅಡಿಗೆ ಕಡಮೆಯಿಲ್ಲದ ಆಳದಲ್ಲಿ ಕಡಿಯಿರಿ.

5. ಗುಂಡಿಯನ್ನು ಒಮ್ಮೆಲೇ ತುಂಬಬೇಡಿ. ಗೇಣು ಗೇಣು ಮಣ್ಣು ಹಾಕಿ ತುಳಿದು ಮುಚ್ಚಿ. ಮೇಲ್ಮಣ್ಣು ಮೇಲೆಯೇ ಬರಲಿ.

ಮೋಟನ್ನು ಟ್ರಾಕ್ಟರಿನಿಂದ ಎಳೆಯುವವರು ಇದನ್ನು ಮರೆಯಕೂಡದು: ಬೇರು ಕಡಿಯದೆ ಎಳೆಯಬೇಡಿ, ಸರಪಳಿಯನ್ನು ಟ್ರಾಕ್ಟರಿನ ಹಿಂದೆ ಕೆಳಗಿರುವ ಕೊಂಡಿಗೇ ಕಟ್ಟಿ. ಮೇಲೆ ಎತ್ತರದಲ್ಲಿ ಕಟ್ಟಿದರೆ, ಮೋಟು ಬಾರದಿದ್ದಾಗ ಮುಂದಿನ ಗಾಲಿಗಳು ಎದ್ದು ಟ್ರಾಕ್ಟರು ಚಾಲಕನ ಮೇಲೆಯೇ ಹಿಂದಕ್ಕೆ ಮಗುಚಿಬೀಳುತ್ತದೆ. ಸರಪಳಿಯ ಹತ್ತಿರ ಯಾರೂ ನಿಲ್ಲಬಾರದು.

ಅಗೆಯಲಾಗದ ಕಡೆ

ಗೋಡೆಯ ಬದಿ, ಬಂಡೆಯ ಸಂದು, ನೀರಿನ ಪೈಪಿನ ಹತ್ತಿರ ಅಗೆಯಲು ಬರುವುದಿಲ್ಲ. ಅಲ್ಲಿ ಮೋಟನ್ನು ನೆಲಮಟ್ಟಕ್ಕೆ ಕಡಿದು, ಸುತ್ತಣ ತೊಗಟೆಯನ್ನು ಕೈ ತಾಗುವಷ್ಟು ಕೆಳಗಿನವರೆಗೆ ಸುಲಿಯಿರಿ. ಬಳಿಕ ಎರಡು ಮೂರು ವಾರಕ್ಕೊಮ್ಮೆ ನೋಡಿ, ಎಳೆಯ ಚಿಗುರನ್ನು ಬುಡಸಹಿತ ಮುರಿದುಹಾಕಿ. ಒಂದು ತಿಂಗಳು ಮರೆತರೂ ಎಲೆ ಬಲಿತು ಹಿಂದಿನ ಶ್ರಮ ವ್ಯರ್ಥವಾದೀತು. ಚಿಗುರು ಸಣ್ಣದಾಗುತ್ತ ಬಂದರೆ ಗಂಟು ಕರಗುತ್ತಿದೆಯೆಂದು ತಿಳಿಯಿರಿ.

ಚಿಗುರು ನಿಂತ ಮೋಟನ್ನು ಕೊಳೆಯಿಸಬಹುದು. ಬೈರಿಗೆಯಿಂದ ಅಲ್ಲಲ್ಲಿ ಆಳವಾದ ತೂತು ಕೊರೆದು, ಸಗಣಿ ಬಗ್ಗಡ ತುಂಬಿ, ಮೇಲೆ ತಿಪ್ಪೆಗೊಬ್ಬರವನ್ನೂ ಮಣ್ಣನ್ನೂ ಹರಡಿ ತೇವವಾಗಿಡಿ. ಮರವನ್ನು ಕೊಳೆಯಿಸುವ ಶಿಲೀಂಧ್ರಗಳಿಗೆ ತೇವವೂ ಸಾರಜನಕವೂ ಬೇಕು; ಸಗಣಿಯಿಂದ ಎರಡೂ ದೊರೆಯುತ್ತವೆ. ಗೆದ್ದಲೂ ತನ್ನ ಪಾಲಿನ ಕೆಲಸ ಮಾಡುತ್ತದೆ. ಮೆದು ಮರ ಬೇಗ ಕರಗುತ್ತದೆ. ಜಾಲಿ, ಹುಣಸೆಯಂಥ ಗಟ್ಟಿ ಮರಕ್ಕೆ ಕೆಲವು ವರ್ಷಗಳೇ ಬೇಕು. ಸಗಣಿಯ ಬದಲು ಯೂರಿಯಾ ಹಾಕಿ ಬಯಲಿನಲ್ಲಿ ಬಿಡಬೇಡಿ. ದನ ನೆಕ್ಕಿದರೆ ವಿಷವಾಗುತ್ತದೆ.

ಮೋಟಿಗೆ ಬೆಂಕಿಯಿಡುವುದನ್ನು ಕೊನೆಯ ಉಪಾಯವೆಂದು ತಿಳಿಯಿರಿ. ಒಣಗಿದ ಬೇರಿನೊಳಗೆ ಕೆಂಡ ಹೊಗೆಯಾಡುತ್ತ ಉಳಿದು, ಬಳಿಕ ಗಾಳಿಗೆ ಹೊತ್ತಿಕೊಂಡು ಬಣವೆಗೆ ಹಬ್ಬಬಹುದು.

ಕೊಳೆಯಲು ಬಿಡಬಾರದ ಮೋಟುಗಳು

ತೆಂಗು, ಅಡಿಕೆಗಳ ಮೋಟು ಚಿಗುರುವುದಿಲ್ಲ. ಆದರೆ ಕೊಳೆಯುವ ತೆಂಗಿನ ಮೋಟಿನಲ್ಲಿ ಕುರುವಾಯಿ ಕೀಟ ಮೊಟ್ಟೆಯಿಟ್ಟು, ಅಲ್ಲಿಂದ ಎದ್ದ ದುಂಬಿಗಳು ನಿಂತ ಮರಗಳ ಸುಳಿಯನ್ನು ಕೊರೆಯುತ್ತವೆ. ಅಣಬೆ ರೋಗದಿಂದ ಸತ್ತ ಅಡಿಕೆ, ತೆಂಗಿನ ಬುಡದಲ್ಲಿ ರೋಗದ ಶಿಲೀಂಧ್ರ ಉಳಿದು ನೆರೆಯ ಮರಕ್ಕೆ ಹರಡುತ್ತದೆ. ಇವನ್ನು ಬೇರುಸಹಿತ ಅಗೆದು, ಬಯಲಿಗೆ ತಂದು ಒಣಗಿಸಿ ಸುಡತಕ್ಕದ್ದು.

ಉಳಿಸಬೇಕಾದ ಮೋಟುಗಳೂ ಉಂಟು

ಇಳಿಜಾರಿನ ಬದುವಿನಲ್ಲಿ ಬೇರು ಮಣ್ಣನ್ನು ಹಿಡಿದಿರುತ್ತದೆ. ಅಲ್ಲಿಯ ಹೊಂಗೆ, ಗ್ಲಿರಿಸಿಡಿಯಾ ಮೋಟುಗಳನ್ನು ಬಿಟ್ಟು, ಚಿಗುರನ್ನು ಕಾಲಕಾಲಕ್ಕೆ ಕೊಯ್ದು ಹಸಿರುಗೊಬ್ಬರಕ್ಕೆ ಬಳಸಿ. ಕೆರೆ ಏರಿಯ ಮೇಲಿನ ಮೋಟನ್ನು ಮಾತ್ರ ಯಾರೂ ತಾವಾಗಿ ಅಗೆಯಕೂಡದು. ಸಡಿಲ ಮಣ್ಣು ತುಂಬಿದ ಒಂದು ಗುಂಡಿಯಿಂದಲೇ ನೀರು ಜಿನುಗಿ ಏರಿ ಒಡೆಯಬಹುದು. ಕೊಳೆತ ಬೇರಿನ ಜಾಡಿನಲ್ಲಿಯೂ ನೀರು ದಾರಿ ಮಾಡಿಕೊಳ್ಳುವುದರಿಂದ ಅದನ್ನು ಹಾಗೆಯೇ ಬಿಡುವುದೂ ಸರಿಯಲ್ಲ. ಪಂಚಾಯಿತಿಗೆ ತಿಳಿಸಿ, ತಿಳಿದವರ ಮೇಲ್ವಿಚಾರಣೆಯಲ್ಲಿ ಮಣ್ಣು ದಮ್ಮಸ್ಸು ಮಾಡಿಸಿ ಈ ಕೆಲಸ ನಡೆಸಬೇಕು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಬೆರಳು ದಪ್ಪದ ಜಾಲಿ ಸಸಿಯನ್ನು ಹದವಾದ ನೆಲದಲ್ಲಿ ಒಬ್ಬನೇ ಒಂದೆರಡು ಗುದ್ದಲಿ ಏಟಿಗೆ ಕೀಳಬಹುದು. ಅದೇ ಗೇಣು ದಪ್ಪವಾದರೆ ಇಬ್ಬರು ಬೆವರಬೇಕು. ಕುರಿ, ದನಗಳು ಕಾಯಿ ತಿಂದು ಹಿಕ್ಕೆ, ಸಗಣಿಯಲ್ಲಿ ಬೀಜ ಹರಡುವುದರಿಂದ ಪ್ರತಿ ಮಳೆಗೂ ಹೊಸ ಸಸಿ ಬಂದೇ ಬರುತ್ತವೆ.

ಈ ಮುಂಗಾರಿಗೆ ನಿಮ್ಮ ಹೊಲದ ಮೋಟುಗಳನ್ನು ಎಣಿಸಿರಿ. ನಾಲ್ಕು ಮನೆಯವರು ಮುಯ್ಯಾಳಿನಂತೆ ಕೂಡಿ, ದಿನಕ್ಕೊಬ್ಬರ ಹೊಲದಂತೆ ಕೆಲಸ ಹಿಡಿದರೆ ಬಿತ್ತನೆಯ ಮೊದಲೇ ನೆಲ ಹಸನಾಗುತ್ತದೆ. ಕಿತ್ತ ಜಾಲಿಯ ಬೇರು ಬುಡಗಳು ಒಳ್ಳೆಯ ಸೌದೆ, ಒಳ್ಳೆಯ ಇದ್ದಲು. ವಿಷಕ್ಕೆ ಕೊಡಬೇಕಾಗಿದ್ದ ಹಣ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಒಲೆಗೆ ಸೌದೆಯೂ ಸಿಗುತ್ತದೆ.