ಮುದ್ರಿತ ಸೌರಕೋಶ: ದಕ್ಷತೆಯೊಂದೇ ಸಾಲದು

ಇಂಗಾಲಮೂಲದ ವಸ್ತುಗಳನ್ನು ಶಾಯಿಯಂತೆ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ, ಬಿಸಿಲಿನಿಂದ ವಿದ್ಯುತ್ ಪಡೆಯುವುದೇ ಸಾವಯವ ಸೌರಕೋಶದ ತಂತ್ರ. ನೊಬೆಲ್ ಪುರಸ್ಕೃತ ಅಲನ್ ಹೀಗರ್ ಸಹಸಂಸ್ಥಾಪಕರಾಗಿದ್ದ ಅಮೆರಿಕದ ಕೊನಾರ್ಕಾ ಸಂಸ್ಥೆಯು 2008ರಲ್ಲಿ ನ್ಯೂ ಬೆಡ್‌ಫರ್ಡ್‌ನ ಹಳೆಯ ಪೋಲರಾಯ್ಡ್ ಕಾರ್ಖಾನೆಯನ್ನು ಇದಕ್ಕೆ ಬಳಸಿಕೊಂಡಿತು. ಲೇಪನ ಯಂತ್ರಗಳೂ ಪಳಗಿದ ಕೆಲಸಗಾರರೂ ಸಿದ್ಧವಾಗಿ ದೊರಕಿದುದು ಜಾಣ ವ್ಯಾಪಾರವೇ ಸರಿ. 2010ರಲ್ಲಿ ಅದರ ಪ್ರಯೋಗಾಲಯದ ಕೋಶವು ಶೇ. 8.3 ದಕ್ಷತೆ ತೋರಿತು. ಮಾರಾಟದ ಹಾಳೆಯದು ಅದಕ್ಕಿಂತ ಬಹಳ ಕಡಿಮೆ. ಬಾಳಿಕೆಯೂ ಕೆಲವೇ ವರ್ಷ. ಅಷ್ಟರಲ್ಲಿ ಸಿಲಿಕಾನ್ ಫಲಕಗಳ ಬೆಲೆ ಕುಸಿಯಿತು. 2012ರಲ್ಲಿ ಸಂಸ್ಥೆ ದಿವಾಳಿಯಾಯಿತು.

ಎಲೆಕ್ಟ್ರಾನ್ ಸ್ವೀಕರಿಸುವ ವೈ6 ಎಂಬ ಅಣುವಿನಿಂದ 2019ರಲ್ಲಿ ಶೇ. 15 ದಾಟಿದ ದಕ್ಷತೆಯು ಈಗ ಶೇ. 19ನ್ನೂ ಮೀರಿದೆ. ಆದರೆ ಈ ಅಂಕಿಗಳು ಬಹುಪಾಲು ಬೆರಳುಗುರಿಗಿಂತ ಚಿಕ್ಕ ಕೋಶಗಳವು. ಹೂಡಿಕೆದಾರರು ಕೇಳಬೇಕಾದುದು ಮೀಟರುಗಟ್ಟಲೆ ಮುದ್ರಿಸಿದ ಹಾಳೆಯ ದಕ್ಷತೆಯನ್ನು, ತಿರಸ್ಕೃತ ಮಾಲಿನ ಪ್ರಮಾಣವನ್ನು, ಬಿಸಿಲಿನಲ್ಲಿ ಬಾಳುವ ವರ್ಷಗಳನ್ನು. ಪ್ರತಿ ಯೂನಿಟ್ಟಿನ ವೆಚ್ಚ ನಿರ್ಧಾರವಾಗುವುದು ಇವುಗಳಿಂದ.