ಸ್ತನ ಕ್ಯಾನ್ಸರಿನಲ್ಲಿ ವರ್ಣತಂತುಗಳ ನಷ್ಟ

ಮನುಷ್ಯನ ಸಾಮಾನ್ಯ ದೇಹಕೋಶದಲ್ಲಿ ತಾಯಿಯಿಂದ ಬಂದ 23 ಮತ್ತು ತಂದೆಯಿಂದ ಬಂದ 23, ಒಟ್ಟು 46 ವರ್ಣತಂತುಗಳಿರುತ್ತವೆ. ಹೀಗಾಗಿ ಹೆಚ್ಚಿನ ಜೀನ್‌ಗಳಿಗೆ ಎರಡೆರಡು ಪ್ರತಿಗಳಿದ್ದು, ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಜೀನ್‌ನ ಎರಡೂ ಪ್ರತಿಗಳು ಕೆಟ್ಟಾಗ ಗೆಡ್ಡೆ ಹುಟ್ಟಬಲ್ಲದೆಂಬ ವಿಚಾರವನ್ನು ಆಲ್‌ಫ್ರೆಡ್ ನೂಡ್ಸನ್ 1971ರಲ್ಲಿ, ಮಕ್ಕಳ ಕಣ್ಣಿನ ಕ್ಯಾನ್ಸರನ್ನು ಅಭ್ಯಸಿಸಿ ಮಂಡಿಸಿದರು. ಸ್ತನ ಕ್ಯಾನ್ಸರಿನಲ್ಲಿ ಎರಡನೆಯ ಪ್ರತಿ ಅನೇಕ ವೇಳೆ ವರ್ಣತಂತುವಿನ ಒಂದು ತುಂಡಿನ ಜೊತೆಗೇ ಕಳೆದುಹೋಗುತ್ತದೆ.

ಈ ನಷ್ಟಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಕೋಶವು ವಿಭಜನೆಯಾಗುವಾಗ ವರ್ಣತಂತುಗಳನ್ನು ಎರಡು ಧ್ರುವಗಳ ಕಡೆಗೆ ಎಳೆಯುವ ಸೂಕ್ಷ್ಮ ಎಳೆಗಳು ಸರಿಯಾಗಿ ಅಂಟಿಕೊಳ್ಳದಿದ್ದರೆ, ಯಾವುದಾದರೊಂದು ವರ್ಣತಂತು ಹಿಂದೆ ಉಳಿದು, ಮುಖ್ಯ ಕೋಶಕೇಂದ್ರದಿಂದ ಬೇರೆಯಾದ ಪುಟ್ಟ ಕೋಶಕೇಂದ್ರದಲ್ಲಿ ಸಿಕ್ಕಿಕೊಂಡು ಚೂರಾಗಬಹುದು. ಇನ್ನೊಂದು ದಾರಿಯಲ್ಲಿ, ಮುರಿದ ಡಿಎನ್‌ಎ ಸರಿಯಾಗಿ ದುರಸ್ತಿಯಾಗದೆ, ಮುರಿದ ತುದಿಯಿಂದಾಚೆಗಿನ ಭಾಗವೇ ಕಾಣೆಯಾಗುತ್ತದೆ.

ಯಾವ ತುಂಡು ಕಳೆಯಿತೆಂಬುದು ರೋಗದ ಸ್ವರೂಪವನ್ನೂ ರೂಪಿಸುತ್ತದೆ. 16ನೆಯ ವರ್ಣತಂತುವಿನ ಉದ್ದ ಭುಜದಲ್ಲಿ, ಕೋಶಗಳನ್ನು ಪರಸ್ಪರ ಬೆಸೆದಿಡುವ ಇ-ಕ್ಯಾಡ್ಹೆರಿನ್ ಪ್ರೋಟೀನಿನ ಜೀನ್ ಇದೆ. ಆ ಭುಜದ ಒಂದು ಪ್ರತಿ ನಷ್ಟವಾಗಿ, ಉಳಿದ ಪ್ರತಿಯೂ ಕೆಟ್ಟಾಗ, ಲೋಬ್ಯುಲರ್ ಎಂಬ ಬಗೆಯ ಸ್ತನ ಕ್ಯಾನ್ಸರಿನಲ್ಲಿ ಕಾಣುವಂತೆ, ಕೋಶಗಳು ಒಂದಕ್ಕೊಂದು ಅಂಟಿಕೊಳ್ಳದೆ ಸಾಲುಗಟ್ಟಿ ಅಂಗಾಂಶದೊಳಗೆ ಹರಡುತ್ತವೆ. ಸ್ಪಷ್ಟವಾದ ಗಂಟು ಕಟ್ಟದ ಕಾರಣ ಈ ಬಗೆಯು ಕೈಗೂ ಮ್ಯಾಮೊಗ್ರಾಮ್‌ಗೂ ಸುಲಭವಾಗಿ ಸಿಗುವುದಿಲ್ಲ. 17ನೆಯ ವರ್ಣತಂತುವಿನ ಗಿಡ್ಡ ಭುಜ ಕಳೆದರೆ, ಕೆಟ್ಟ ಕೋಶಗಳನ್ನು ತಡೆದು ನಿಲ್ಲಿಸುವ ಇಲ್ಲವೇ ಸಾಯಿಸುವ ಪಿ53 ಪ್ರೋಟೀನಿನ ಜೀನ್‌ನ ಒಂದು ಪ್ರತಿ ಹೋಗುತ್ತದೆ. ಇನ್ನೊಂದರಲ್ಲೂ ದೋಷವಿದ್ದರೆ, ವರ್ಣತಂತುಗಳು ಏರುಪೇರಾದ ಕೋಶಗಳೇ ಬದುಕುಳಿದು, ವಿಭಜನೆಯಾಗುತ್ತ, ಹೊಸ ನಷ್ಟಗಳಿಗೆ ದಾರಿ ಮಾಡುತ್ತವೆ.

ಅದೇ 17ನೆಯ ವರ್ಣತಂತುವಿನ ಉದ್ದ ಭುಜದಲ್ಲಿ ಬಿಆರ್‌ಸಿಎ1 ಜೀನ್ ಇದೆಯೆಂದು ಮೇರಿ-ಕ್ಲೇರ್ ಕಿಂಗ್ ಅವರ ತಂಡ 1990ರಲ್ಲಿ ತೋರಿಸಿಕೊಟ್ಟಿತು. ಡಿಎನ್‌ಎ ದುರಸ್ತಿಗೆ ಬೇಕಾದ ಈ ಜೀನ್‌ನ ದೋಷಪೂರಿತ ಪ್ರತಿಯೊಂದಿಗೆ ಹುಟ್ಟಿದವರಲ್ಲಿ, ಸ್ತನದ ಕೋಶವೊಂದು ಒಳ್ಳೆಯ ಪ್ರತಿಯನ್ನೂ ಕಳೆದುಕೊಂಡರೆ, ಆ ಕೋಶವು ದುರಸ್ತಿಯ ಇತರ ದಾರಿಗಳನ್ನೇ ನೆಚ್ಚಿಕೊಳ್ಳುತ್ತದೆ. ಒಲಾಪರಿಬ್‌ನಂಥ ಔಷಧಗಳು ಆ ದಾರಿಗಳಲ್ಲೊಂದಕ್ಕೆ ಬೇಕಾದ ಪಾರ್ಪ್ ಕಿಣ್ವವನ್ನು ತಡೆದು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತವೆ; ಒಳ್ಳೆಯ ಪ್ರತಿ ಉಳಿದಿರುವ ಇತರ ಕೋಶಗಳು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಗೆಡ್ಡೆಯನ್ನು ಬೆಳೆಸಿದ ನಷ್ಟವೇ ಹೀಗೆ ಚಿಕಿತ್ಸೆಗೆ ಗುರಿಯಾಗುತ್ತದೆ.

ಬಹುಪಾಲು ರೋಗಿಗಳಲ್ಲಿ ಈ ನಷ್ಟಗಳು ವಂಶದಿಂದ ಬಂದವಲ್ಲ, ಬದುಕಿನ ಅವಧಿಯಲ್ಲಿ ಸ್ತನದ ಕೋಶಗಳಲ್ಲೇ ಉಂಟಾದವು. ಆದ್ದರಿಂದ ಮನೆತನದಲ್ಲಿ ಯಾರಿಗೂ ಈ ರೋಗವಿಲ್ಲವೆಂದು ತಪಾಸಣೆಯನ್ನು ಕಡೆಗಣಿಸುವುದು ಸರಿಯಲ್ಲ, ರೋಗ ಬಂದುದಕ್ಕೆ ಹೆಣ್ಣನ್ನೋ ಅವಳ ತವರನ್ನೋ ದೂರುವುದಂತೂ ಸರ್ವಥಾ ಸಲ್ಲದು.